ಮುಖದ ಸ್ನಾಯುಗಳೂ ವಿದ್ಯುಚ್ಚಿಕಿತ್ಸೆಯೂ

ವಿಷಣ್ಣತೆಯ ನಿವಾರಣೆಗಾಗಿ ಮುಖದ ಸ್ನಾಯುಗಳಿಗೆ ವಿದ್ಯುತ್ ಸೋಂಕಿಸುವ ಚಿಕಿತ್ಸೆಯು ನೂತನವೆನಿಸಿದರೂ ಅದರ ಮೂಲವನ್ನು ಫ್ರಾನ್ಸಿನ ವೈದ್ಯ ಡ್ಯೂಶೆನ್ 1862ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಾಣಬಹುದು. ಆತನು ವಿದ್ಯುತ್ತಿನಿಂದ ಮುಖದಲ್ಲಿ ನಗೆಯನ್ನು ಮೂಡಿಸಿದನು; ಕಣ್ಣಿನ ಸುತ್ತಣ ಸ್ನಾಯುವು ನಿಜವಾದ ಸಂತೋಷಕ್ಕಲ್ಲದೆ ಬರಿಯ ಇಚ್ಛೆಗೆ ಮಣಿಯದೆಂದೂ ಹೇಳಿದನು. ಆತನ ಉದ್ದೇಶ ಭಾವಗಳ ಅಧ್ಯಯನವೇ ಹೊರತು ದುಃಖಶಮನವಲ್ಲ. 1872ರಲ್ಲಿ ಆ ಛಾಯಾಚಿತ್ರಗಳನ್ನು ಬಳಸಿಕೊಂಡ ಡಾರ್ವಿನ್, ಭಾವದ ಬಾಹ್ಯ ಚಿಹ್ನೆಗಳಿಗೆ ಎಡೆಗೊಟ್ಟರೆ ಭಾವವು ತೀವ್ರಗೊಳ್ಳುವುದೆಂದನು. ಇಂದಿನ ಮುಖಪ್ರಚೋದನೆಯ ಪ್ರಯೋಗಗಳು ಈ ಎಣಿಕೆಯನ್ನೇ ಆಶ್ರಯಿಸಿವೆ.

ಆಸ್ಪತ್ರೆಗಳಲ್ಲಿ ನೆಲೆಯೂರಿದುದಾದರೋ ಬೇರೊಂದು ಮಾರ್ಗ. 1938ರಲ್ಲಿ ರೋಮಿನ ಚೆರ್ಲೆಟ್ಟಿ ಮತ್ತು ಬಿನಿ ಮಿದುಳಿಗೇ ವಿದ್ಯುತ್ ಹರಿಸಿದರು. ಆಗ ಉಂಟಾಗುವ ಸೆಳವಿನಿಂದ ಕೆಲವು ರೋಗಿಗಳ ಮೂಳೆ ಮುರಿಯುತ್ತಿದ್ದುದರಿಂದ ಸ್ನಾಯುಗಳನ್ನು ಸಡಿಲಿಸುವ ಔಷಧ ಬಳಕೆಗೆ ಬಂದಿತು. ಸೆಳವು ಮಿದುಳಿನಲ್ಲಿ ನಡೆದರೆ ಸಾಕು, ಮೈ ನಿಶ್ಚಲವಾಗಿದ್ದರೂ ಗುಣ ಕಾಣುವುದೆಂದು ತಿಳಿಯಿತು. ಡ್ಯೂಶೆನ್ ಕುಣಿಸಿದ ಸ್ನಾಯುಗಳನ್ನೇ ಇಲ್ಲಿ ಸ್ತಬ್ಧಗೊಳಿಸಿದುದು ವಿಚಿತ್ರವೇ ಸರಿ.

ಬೆಂಗಳೂರಿನಲ್ಲಿಯೂ ಪರೀಕ್ಷೆಗೊಳಗಾದುದು ಈ ಎರಡನೆಯ ಮಾರ್ಗ. ನಿಮ್ಹಾನ್ಸ್ ಸಂಸ್ಥೆಯಿಂದ 2000ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತೀವ್ರ ವಿಷಣ್ಣತೆಯ 45 ರೋಗಿಗಳನ್ನು ಮೂರು ತಂಡಗಳಾಗಿ ವಿಂಗಡಿಸಲಾಗಿತ್ತು. ವಿದ್ಯುಚ್ಚಿಕಿತ್ಸೆ ಪಡೆದವರಲ್ಲಿ ಶೇಕಡಾ 93, ಇಮಿಪ್ರಮೀನ್ ಸೇವಿಸಿದವರಲ್ಲಿ 73, ಸುದರ್ಶನಕ್ರಿಯೆ ಮಾಡಿದವರಲ್ಲಿ 67 ಮಂದಿ ಚೇತರಿಸಿಕೊಂಡರು. ಅರಿವಳಿಕೆಯನ್ನೂ ಸ್ನಾಯು ಸಡಿಲಿಸುವ ಔಷಧವನ್ನೂ ನೀಡದೆ ಈ ಚಿಕಿತ್ಸೆ ಮಾಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆಯು ನಿಷೇಧಿಸಿದೆ.