ಬೀಳಗಿಯಿಂದ ಮುಂಬಯಿಗೆ: ಕರ್ನಾಟಕಿ ಸಹೋದರಿಯರ ರಂಗಗಾಯನ ಮತ್ತು ಚಿತ್ರಗಾಯನ

ಕನ್ನಡ ಚಲನಚಿತ್ರದ ಚರಿತ್ರೆಯನ್ನು 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನಾ’ದಿಂದ ಆರಂಭಿಸುವುದು ರೂಢಿಯಾಗಿದ್ದು, ಆ ಚಿತ್ರ ತಯಾರಾದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೊದಲ್ಲಿ ಎಂಬ ಸಂಗತಿಗೆ ಅಷ್ಟು ಮಹತ್ವ ಸಿಕ್ಕಿಲ್ಲ. ಮಹಾಲಿಂಗಪುರ, ಜಮಖಂಡಿ, ಬೀಳಗಿಗಳ ಕಡೆಯಿಂದ ನೋಡಿದರೆ ಮುಖ್ಯವಾಗುವುದು ಈ ಎರಡನೆಯ ಸಂಗತಿಯೇ. ಜಮಖಂಡಿ ಮತ್ತು ಮುಧೋಳಗಳು 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನಗೊಳ್ಳುವವರೆಗೆ ಮರಾಠಾ ಅರಸು ಮನೆತನಗಳ ಸಂಸ್ಥಾನಗಳಾಗಿದ್ದವು. ಬೀಳಗಿ ಮೊದಲಿನಿಂದಲೂ ಆ ಪ್ರಾಂತ್ಯದ ವಿಜಾಪುರ ಜಿಲ್ಲೆಗೆ ಸೇರಿತ್ತು. ಹೀಗಾಗಿ ಬೀಳಗಿಯ ಕಲಾವಿದರು ಮುಂಬಯಿಗೆ ಹೋದದ್ದನ್ನು ವಲಸೆ ಎನ್ನುವುದಕ್ಕಿಂತ, ತಮ್ಮದೇ ಪ್ರಾಂತ್ಯದ ರಾಜಧಾನಿಗೆ ಹೋದದ್ದೆಂದು ತಿಳಿಯುವುದು ಹೆಚ್ಚು ಸರಿಯಾದೀತು.

ಹಾಡು ಮತ್ತು ಅಭಿನಯ ಬೇರೆಯಾಗದ ಪರಂಪರೆ ಈ ಸೀಮೆಯಲ್ಲಿ ಸಿನಿಮಾಕ್ಕಿಂತ ಹಳೆಯದು. ಸತ್ಯಭಾಮೆ–ರುಕ್ಮಿಣಿಯರ ಸವತಿ ಮತ್ಸರವನ್ನು ಹಾಡು, ಮಾತುಗಳಲ್ಲಿ ರಾತ್ರಿಯಿಡೀ ಬೆಳೆಸುವ ಸಣ್ಣಾಟವಾದ ಶ್ರೀಕೃಷ್ಣ ಪಾರಿಜಾತದಲ್ಲಿ ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮ, ಮುಧೋಳ ಸೀಮೆಯ ಲೋಕಾಪುರದ ಅಪ್ಪಾಲಾಲ ನದಾಫ ಮುಂತಾದವರು ಹೆಸರು ಮಾಡಿದರು. ಕೃಷ್ಣನ ಕಥೆಯ ಆಟದಲ್ಲಿ ಮುಸ್ಲಿಂ ಕಲಾವಿದ ಮನ್ನಣೆ ಪಡೆಯುವುದು ಇಲ್ಲಿ ಅಚ್ಚರಿಯ ಮಾತಾಗಿರಲಿಲ್ಲ.

ಬೀಳಗಿಯ ವೃತ್ತಿಗಾಯಕರ ಮುಸ್ಲಿಂ ಮನೆತನದಲ್ಲಿ ಹುಟ್ಟಿದ ಗೋಹರ್‌ಬಾಯಿ ಮತ್ತು ಅಮೀರ್‌ಬಾಯಿ ಸಹೋದರಿಯರು ‘ಕರ್ನಾಟಕಿ’ ಎಂಬ ಅಡ್ಡಹೆಸರಿನಿಂದ ಹೊರನಾಡಿನಲ್ಲಿ ಪರಿಚಿತರಾದರು. ಗೋಹರ್‌ಬಾಯಿಯ ದಾರಿ ಮರಾಠಿ ರಂಗಭೂಮಿಯದು. ಸ್ತ್ರೀಪಾತ್ರಗಳಿಂದ ದಂತಕಥೆಯಾಗಿದ್ದ ಬಾಲಗಂಧರ್ವರ (1888–1967) ಗಾಯನಶೈಲಿಯನ್ನು ಮೈಗೂಡಿಸಿಕೊಂಡಿದ್ದ ಆಕೆ ಅವರ ಮಂಡಳಿಯನ್ನು ಸೇರಿ, ಅವರು ವಯಸ್ಸಾಗಿ ಬಿಟ್ಟುಕೊಡಬೇಕಾಗಿ ಬಂದ ನಾಯಕಿಯ ಪಾತ್ರಗಳನ್ನು ವಹಿಸಿದರು. ಹೆಣ್ಣಿನ ಪಾತ್ರವನ್ನು ಗಂಡಸಿನಿಂದ ಕಲಿತು ಹೆಣ್ಣೇ ಮುಂದುವರಿಸಿದ ಈ ವಿಚಿತ್ರ ಪ್ರಸಂಗ ಭಾರತೀಯ ರಂಗಚರಿತ್ರೆಯಲ್ಲಿ ಅಪರೂಪದ್ದು. 1951ರಲ್ಲಿ ಗೋಹರ್‌ಬಾಯಿ ಮತ್ತು ಬಾಲಗಂಧರ್ವರು ವಿವಾಹವಾದರು. ಮರಾಠಿ ರಸಿಕವರ್ಗದ ಒಂದು ಪಾಲು ಅದನ್ನು ಕೊನೆಯವರೆಗೂ ಒಪ್ಪಲಿಲ್ಲ.

ಅಮೀರ್‌ಬಾಯಿ ಚಿತ್ರರಂಗಕ್ಕೆ ಬಂದದ್ದು 1934ರ ‘ವಿಷ್ಣುಭಕ್ತಿ’ಯಿಂದ. ಆಗ ನಟಿಯಾದವಳು ಕ್ಯಾಮೆರಾದ ಮುಂದೆ ತಾನೇ ಹಾಡಬೇಕಿತ್ತು. ಹಾಡನ್ನು ಮೊದಲೇ ಮುದ್ರಿಸಿಕೊಂಡು ಆಮೇಲೆ ತೆರೆಯ ಮೇಲಿನವರ ತುಟಿಗೆ ಹೊಂದಿಸುವ ಹಿನ್ನೆಲೆಗಾಯನ ಪದ್ಧತಿ 1935ರ ನಂತರ ಹರಡಿತು. ಅದರಿಂದ ಮುಖಕ್ಕೂ ಕಂಠಕ್ಕೂ ಇದ್ದ ನಂಟು ಕಡಿದುಹೋಗಿ, ನಟಿಯಾಗಿ ಹೆಚ್ಚು ಮೇಲೇರದ ಅಮೀರ್‌ಬಾಯಿಗೆ ಗಾಯಕಿಯಾಗಿ ಅವಕಾಶ ತೆರೆಯಿತು. 1940ರ ‘ನರಸೀ ಭಗತ್’ ಚಿತ್ರದ ಭಜನೆ ಆಕೆಗೆ ಕೀರ್ತಿ ತಂದರೆ, ಬಾಂಬೆ ಟಾಕೀಸಿನ ‘ಕಿಸ್ಮತ್’ (1943) ಆಕೆಯ ಧ್ವನಿಯನ್ನು ದೇಶದ ಮೂಲೆಮೂಲೆಗೂ ಮುಟ್ಟಿಸಿತು. ಅನಿಲ್ ಬಿಸ್ವಾಸ್ ಸಂಗೀತದ ಆ ಚಿತ್ರ ಕಲ್ಕತ್ತದ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಅದರಲ್ಲಿ ಆಕೆ ಖಾನ್ ಮಸ್ತಾನಾ ಜೊತೆ ಹಾಡಿದ, ಕವಿ ಪ್ರದೀಪರ ದೇಶಭಕ್ತಿಗೀತೆ, ಯುದ್ಧಕಾಲದ ಸೆನ್ಸಾರಿನ ಕಣ್ತಪ್ಪಿಸಲು ಜರ್ಮನ್, ಜಪಾನಿಯರನ್ನು ಹೆಸರಿಸಿದರೂ, ಕೇಳುಗರಿಗೆ ಬ್ರಿಟಿಷರ ವಿರುದ್ಧದ ಹಾಡಾಗಿಯೇ ಕೇಳಿಸಿತು.

1948ರ ‘ಶಹನಾಜ್’ ಚಿತ್ರಕ್ಕೆ ಆಕೆಯೇ ಸಂಗೀತ ನಿರ್ದೇಶಿಸಿದರು. ಹಿಂದಿ ಚಿತ್ರರಂಗದಲ್ಲಿ ಈ ಕೆಲಸ ಮಾಡಿದ ಹೆಂಗಸರು ಬೆರಳೆಣಿಕೆಯಷ್ಟು. ಮರುವರ್ಷದ ‘ಮಹಲ್’, ‘ಬರಸಾತ್’ಗಳೊಂದಿಗೆ ಲತಾ ಮಂಗೇಶ್ಕರರ ತೆಳುವಾದ ಎತ್ತರದ ಶ್ರುತಿ ಮಾದರಿಯಾಗಿ, ಮೆಹಫಿಲ್ಲಿನಲ್ಲಿ ಪಳಗಿದ ತುಂಬು ಕಂಠಗಳಿಗೆ ಬೇಡಿಕೆ ಇಳಿಯಿತು. ಅಂಥದೇ ಕಂಠದ ಗಾಯಕಿ ಜೊಹ್ರಾಬಾಯಿ ಅಂಬಾಲೇವಾಲಿಯೂ ಹಿಂದೆ ಸರಿದ ಕಾಲವದು. ಆದ್ದರಿಂದ ಇದನ್ನು ಒಬ್ಬ ಗಾಯಕಿಯ ಸೋಲೆಂದು ಬಗೆಯಲಾಗದು. ಅಮೀರ್‌ಬಾಯಿ ಪೋಷಕ ಪಾತ್ರಗಳತ್ತ ಮರಳಿದರು.

ಗಳಿಕೆಯ ಒಂದು ಭಾಗವನ್ನು ಆಕೆ ತವರು ಜಿಲ್ಲೆಗೇ ತಂದು ವಿಜಾಪುರದಲ್ಲಿ ಅಮೀರ್ ಟಾಕೀಸ್ ಕಟ್ಟಿಸಿದರು. ಗೋಹರ್‌ಬಾಯಿ 1964ರಲ್ಲಿ, ಅಮೀರ್‌ಬಾಯಿ 1965ರ ಮಾರ್ಚ್ 3ರಂದು ತೀರಿಕೊಂಡರು. 1956ರ ಏಕೀಕರಣದ ನಂತರ ಬೆಂಗಳೂರನ್ನು ಕೇಂದ್ರವಾಗಿಟ್ಟು ಬರೆದ ಚಿತ್ರಚರಿತ್ರೆಗಳಲ್ಲಿ ಇವರಿಗೆ ಬಹುಕಾಲ ಜಾಗವಿರಲಿಲ್ಲ. ಲೇಖಕ ರಹಮತ್ ತರೀಕೆರೆಯವರು ಅಮೀರ್‌ಬಾಯಿಯ ಜೀವನಚರಿತ್ರೆ ಬರೆದ ಮೇಲೆ ಕನ್ನಡ ಓದುಗರಲ್ಲಿ ಆಕೆಯ ಬಗೆಗಿನ ಚರ್ಚೆ ಮತ್ತೆ ಶುರುವಾಯಿತು.