ಪಟ್ಟದಕಲ್ಲಿನ ಪುರಾತನ ಕಲ್ಲುಗಣಿ

ಪಟ್ಟದಕಲ್ಲಿನ ಉತ್ತರಕ್ಕೆ ಸುಮಾರು 5 ಕಿ.ಮೀ. ದೂರದಲ್ಲಿರುವ ಶಂಕರಲಿಂಗನ ಗುಂಡು ಪರಿಸರದ ಮರಳುಗಲ್ಲಿನ ಗುಡ್ಡಗಳಲ್ಲಿ, ಬಾದಾಮಿ ಚಾಲುಕ್ಯರ ದೇವಾಲಯಗಳಿಗೆ ಕಲ್ಲು ಒದಗಿಸಿ ಬಳಿಕ ಪಾಳುಬಿದ್ದ ಗಣಿಯ ಕುರುಹುಗಳು ಇಂದಿಗೂ ಕಾಣಸಿಗುತ್ತವೆ. ಇಲ್ಲಿನ ಶಿಲೆ ಪದರಪದರವಾಗಿ ರೂಪುಗೊಂಡಿರುವುದರಿಂದ, ಬೆಣೆಗುಳಿಗಳನ್ನು, ಎಂದರೆ ಬಂಡೆಯನ್ನು ಸೀಳುವ ಬೆಣೆಗಳನ್ನು ಕೂರಿಸಲು ಉಳಿಯಿಂದ ತೋಡಿದ ಸಣ್ಣ ಕುಳಿಗಳನ್ನು, ಒಂದೇ ಸಾಲಿನಲ್ಲಿ ಕೊರೆದು ಬೇಕಾದ ಅಳತೆಯ ಚಪ್ಪಡಿಗಳನ್ನು ಬೇರ್ಪಡಿಸಲು ಸಾಧ್ಯವಾಗುತ್ತಿತ್ತು.

ಬಂಡೆಗಳ ಮೇಲೆ ಕಲ್ಲುಕುಟಿಗರು ಕೊರೆದ ಉಬ್ಬುಚಿತ್ರಗಳೂ ರೇಖಾಚಿತ್ರಗಳೂ ಇದ್ದು, ಅವುಗಳ ಬಳಿಯ ಚಿಕ್ಕ ಶಾಸನಗಳಲ್ಲಿ ಅವರ ಹೆಸರುಗಳು ಉಳಿದಿವೆ. ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗೆ ರಾಣಿ ಲೋಕಮಹಾದೇವಿಯು 8ನೇ ಶತಮಾನದಲ್ಲಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ, ಈಗ ವಿರೂಪಾಕ್ಷ ಎಂದು ಹೆಸರಾದ ದೇವಾಲಯದ ಶಾಸನವು ಅದರ ಸೂತ್ರಧಾರಿಯನ್ನು, ಅಂದರೆ ಮುಖ್ಯ ವಾಸ್ತುಶಿಲ್ಪಿಯನ್ನು, ಬಿರುದುಗಳೊಡನೆ ಕೊಂಡಾಡುತ್ತದೆ. ಗಣಿಯ ಬರಹಗಳಾದರೋ ಬಿಸಿಲಲ್ಲಿ ಬಂಡೆ ಸೀಳಿದವರನ್ನೇ ಹೆಸರು ಹಿಡಿದು ನೆನೆಯುವ ಅಪರೂಪದ ದಾಖಲೆಗಳಾಗಿರುವುದರಿಂದ, ನಾಡಿನ ಚರಿತ್ರೆಯಲ್ಲಿ ಅವುಗಳಿಗೆ ಅರಮನೆಯ ಶಾಸನಗಳಷ್ಟೇ ಗೌರವ ಸಲ್ಲಬೇಕು.

1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನ ಗುಡಿಗಳನ್ನು ಈ ಗಣಿಯನ್ನು ಕಂಡ ಮೇಲೆ ನೋಡುವವರಿಗೆ, ಗೋಡೆಯ ಒಂದೊಂದು ಕಲ್ಲಿನ ಹಿಂದಿನ ದುಡಿಮೆ ಹೆಚ್ಚು ಸ್ಪಷ್ಟವಾಗುತ್ತದೆ. ಗಣಿಯ ಬರಹಗಳ ಅಕ್ಷರಗಳು ಆಳವಾಗಿಲ್ಲವಾದ್ದರಿಂದ ಇಳಿಬಿಸಿಲಿನಲ್ಲಿ ಸುಲಭವಾಗಿ ಓದಲು ಸಿಗುತ್ತವೆ. ಅವುಗಳಿಗೆ ಸುಣ್ಣ ಅಥವಾ ಬಳಪ ತುಂಬಬಾರದು.