ವಿಚಾರಣೆಯಿಲ್ಲದ ಬಂಧನ: ರೌಲಟ್ ಕಾಯಿದೆಯಿಂದ ಈಚೆಗೆ ಒಂದು ವಾದದ ಚರಿತ್ರೆ

1

ಅಪರಾಧ ಮಾಡಿದವನನ್ನು ಶಿಕ್ಷಿಸುವುದು ಒಂದು. ಮುಂದೆ ಅಪರಾಧ ಮಾಡಬಹುದೆಂಬ ಶಂಕೆಯಿಂದ ಒಬ್ಬನನ್ನು ಸೆರೆಯಲ್ಲಿಡುವುದು ಮತ್ತೊಂದು. ಮೊದಲನೆಯದಕ್ಕೆ ಆರೋಪ, ಸಾಕ್ಷ್ಯ, ವಿಚಾರಣೆ, ತೀರ್ಪು ಎಂಬ ನಾಲ್ಕು ಮೆಟ್ಟಿಲುಗಳುಂಟು. ಎರಡನೆಯದಕ್ಕೆ ಆಳುವವರ ಮನವರಿಕೆಯೊಂದೇ ಸಾಕು. ಮುನ್ನೆಚ್ಚರಿಕೆಯ ಬಂಧನವೆಂದು ಕರೆಯಲ್ಪಡುವ ಈ ಎರಡನೆಯ ವಿಧಾನವು ಭಾರತದಲ್ಲಿ ಎರಡು ಶತಮಾನಗಳಿಂದ ಒಂದಲ್ಲ ಒಂದು ಕಾಯಿದೆಯ ಹೆಸರಿನಲ್ಲಿ ನಡೆದುಬಂದಿದೆ. ಅದನ್ನು ವಿರೋಧಿಸಿದವರ ಪರಂಪರೆಯೂ ದೀರ್ಘವಾದುದೇ. ಆ ವಿರೋಧದ ಚರಿತ್ರೆಯನ್ನು ಸಂಗ್ರಹವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಕಾಯಿದೆಗಳ ಹುಟ್ಟು ಮತ್ತು ರದ್ದತಿಗಳನ್ನು ಅನುಸರಿಸಿ ಹೋಗುತ್ತಾರೆ. ಆದರೆ ಕಾಯಿದೆಗಳ ಹೆಸರುಗಳು ಬದಲಾದರೂ ವಿವಾದದ ಕೇಂದ್ರದಲ್ಲಿರುವ ಪ್ರಶ್ನೆ ಬದಲಾಗಲಿಲ್ಲ. ಬಂಧನಕ್ಕೆ ಸರ್ಕಾರ ಕೊಡುವ ಕಾರಣವನ್ನು ಸರ್ಕಾರದ ಹೊರಗಿನವರು ಪರೀಕ್ಷಿಸಬಹುದೆ? ಪರೀಕ್ಷಿಸುವವರು ಯಾರು? ಅವರ ಮುಂದೆ ಬಂಧಿತನು ವಕೀಲನ ನೆರವಿನಿಂದ ಮಾತನಾಡಬಹುದೆ? 1919ರಲ್ಲಿ ಎದ್ದ ಈ ಪ್ರಶ್ನೆಗೆ ಇಂದಿಗೂ ಪೂರ್ಣವಾದ ಉತ್ತರ ದೊರೆತಿಲ್ಲವೆಂಬುದನ್ನು ಮುಂದಿನ ವಿವರಗಳಿಂದ ಮನಗಾಣಬಹುದು.

2

ಬಂಗಾಳದ 1818ರ ಮೂರನೆಯ ರೆಗ್ಯುಲೇಷನ್ ಈ ಬಗೆಯ ಕಾಯಿದೆಗಳಿಗೆ ಮೂಲಪುರುಷನೆನ್ನಬಹುದು. ರಾಜ್ಯದ ಭದ್ರತೆಯ ಕಾರಣದಿಂದ ಯಾವನೇ ವ್ಯಕ್ತಿಯನ್ನು ನ್ಯಾಯಾಲಯದ ವಿಚಾರಣೆಯಿಲ್ಲದೆ ಸೆರೆಯಲ್ಲಿಡಲು ಅದು ಗವರ್ನರ್ ಜನರಲರಿಗೆ ಅಧಿಕಾರ ಕೊಟ್ಟಿತು. ಮದರಾಸಿಗೆ 1819ರಲ್ಲಿಯೂ ಮುಂಬಯಿಗೆ 1827ರಲ್ಲಿಯೂ ಇಂಥವೇ ರೆಗ್ಯುಲೇಷನ್‌ಗಳಾದುವು. ಕಂಪನಿಯ ಕಾಲದ ಈ ಹಳೆಯ ಆಯುಧವನ್ನೇ 1907ರಲ್ಲಿ ಲಾಲಾ ಲಜಪತರಾಯರನ್ನೂ ಅಜಿತ್ ಸಿಂಗರನ್ನೂ ಮಂಡಾಲೆಗೆ ಸಾಗಿಸಲು ಹೊರತೆಗೆಯಲಾಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಭಾರತ ರಕ್ಷಣಾ ಕಾಯಿದೆ ಬಂದಿತು. ಅದು ಯುದ್ಧ ಮುಗಿದ ಆರು ತಿಂಗಳಿಗೆ ತಾನಾಗಿಯೇ ಮುಗಿಯತಕ್ಕದ್ದಾಗಿತ್ತು. ಈ ಅವಧಿಯೇ ರೌಲಟ್ ಕಾಯಿದೆಗೆ ಕಾರಣವಾಯಿತು: ಯುದ್ಧಕಾಲದಲ್ಲಿ ದೊರೆತ ಅಧಿಕಾರವನ್ನು ಶಾಂತಿಕಾಲದಲ್ಲಿಯೂ ಉಳಿಸಿಕೊಳ್ಳುವ ಮಾರ್ಗವನ್ನು ಸರ್ಕಾರ ಹುಡುಕಬೇಕಾಯಿತು.

1917ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಸರ್ ಸಿಡ್ನಿ ರೌಲಟರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. ಅದರ ಕಲಾಪಗಳು ಮುಚ್ಚಿದ ಬಾಗಿಲ ಹಿಂದೆ ನಡೆದುವು. ಕ್ರಾಂತಿಕಾರಿಗಳ ಮೊಕದ್ದಮೆಗಳಲ್ಲಿ ಸಾಕ್ಷಿಗಳು ಭಯಪಡುವರೆಂದೂ ಸಾಮಾನ್ಯ ನ್ಯಾಯಕ್ರಮ ಅಲ್ಲಿ ಸಾಗದೆಂದೂ ಸಮಿತಿ 1918ರಲ್ಲಿ ವರದಿ ಮಾಡಿತು. ಈ ವಾದದಲ್ಲಿ ಸತ್ಯಾಂಶವೇ ಇರಲಿಲ್ಲವೆನ್ನುವುದು ನ್ಯಾಯವಾಗಲಾರದು; ಬಂಗಾಳದಲ್ಲಿ ಪೊಲೀಸ್ ಅಧಿಕಾರಿಗಳ ಕೊಲೆಗಳು ನಡೆದಿದ್ದುದು ನಿಜ. ಆದರೆ ಒಂದು ಪ್ರಾಂತದ ಕೆಲವರಿಂದ ಹುಟ್ಟಿದ ಭಯಕ್ಕೆ ಇಡೀ ದೇಶದ ಪ್ರಜೆಗಳ ಹಕ್ಕನ್ನು ಒತ್ತೆಯಿಡಬಹುದೆ ಎಂಬುದು ವಿರೋಧಿಗಳ ಪ್ರಶ್ನೆಯಾಗಿತ್ತು.

ಅರಾಜಕ ಮತ್ತು ಕ್ರಾಂತಿಕಾರಕ ಅಪರಾಧಗಳ ಕಾಯಿದೆಯೆಂಬ ಹೆಸರಿನ ಮಸೂದೆ 1919ರ ಮಾರ್ಚ್ 18ರಂದು ಸಾಮ್ರಾಜ್ಯ ಶಾಸನಸಭೆಯಲ್ಲಿ ಅಂಗೀಕೃತವಾಯಿತು. ಅದರ ಒಂದು ಭಾಗದಂತೆ ಮೂವರು ಹೈಕೋರ್ಟ್ ನ್ಯಾಯಾಧೀಶರ ವಿಶೇಷ ನ್ಯಾಯಾಲಯ ವಿಚಾರಣೆ ನಡೆಸಬಹುದಾಗಿತ್ತು. ಅದರ ತೀರ್ಪಿನ ಮೇಲೆ ಅಪೀಲಿರಲಿಲ್ಲ. ಮತ್ತೆರಡು ಭಾಗಗಳಂತೆ ಸ್ಥಳೀಯ ಸರ್ಕಾರವು ಶಂಕಿತನನ್ನು ಗೊತ್ತಾದ ಊರಿನಲ್ಲಿರಿಸಬಹುದಾಗಿತ್ತು, ಪೊಲೀಸರಿಗೆ ಹಾಜರಿ ಕೊಡುವಂತೆ ಮಾಡಬಹುದಾಗಿತ್ತು, ಅಥವಾ ನೇರವಾಗಿ ಸೆರೆಯಲ್ಲಿಡಬಹುದಾಗಿತ್ತು. ಇಂಥವರ ವಿಷಯವನ್ನು ಮೂವರ ಒಂದು ಮಂಡಲಿ ಪರಿಶೀಲಿಸಬೇಕೆಂಬ ವಿಧಿಯೂ ಇತ್ತು. ಆದರೆ ಆ ಮಂಡಲಿ ಗೋಪ್ಯವಾಗಿ ಸೇರುತ್ತಿತ್ತು. ಸಾಕ್ಷ್ಯದ ನಿಯಮಗಳು ಅದಕ್ಕೆ ಅನ್ವಯಿಸುತ್ತಿರಲಿಲ್ಲ. ಬಂಧಿತನಿಗೆ ಅಲ್ಲಿ ವಕೀಲನಿರಲಿಲ್ಲ. ‘ನ ದಲೀಲ್, ನ ವಕೀಲ್, ನ ಅಪೀಲ್’ ಎಂದು ಜನ ಇದನ್ನು ಮೂರು ಮಾತಿನಲ್ಲಿ ಹೇಳಿದರು. ವಾದವಿಲ್ಲ, ವಕೀಲನಿಲ್ಲ, ಅಪೀಲಿಲ್ಲ ಎಂಬ ಈ ಘೋಷಣೆ ಕಾಯಿದೆಯ ಸಾರವನ್ನು ಯಾವ ಪಂಡಿತನ ವ್ಯಾಖ್ಯಾನಕ್ಕೂ ಕಡಿಮೆಯಿಲ್ಲದಂತೆ ತಿಳಿಸುತ್ತದೆ.

3

ವಿರೋಧ ಮೊದಲು ಪ್ರಕಟವಾದುದು ಶಾಸನಸಭೆಯಲ್ಲಿ. ಸೌಮ್ಯಪಂಥದ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳಂಥವರೂ ಮಸೂದೆಯನ್ನು ಉಗ್ರವಾಗಿ ಖಂಡಿಸಿದರು. ಚುನಾಯಿತ ಭಾರತೀಯ ಸದಸ್ಯರ ವಿರೋಧವನ್ನು ಲೆಕ್ಕಿಸದೆ ಸರ್ಕಾರಿ ಬಹುಮತ ಅದನ್ನು ಅಂಗೀಕರಿಸಿತು. ಮದನಮೋಹನ ಮಾಳವೀಯ, ಮಹಮ್ಮದ್ ಆಲಿ ಜಿನ್ನಾ, ಮಜರುಲ್ ಹಕ್ ಈ ಮೂವರು ತಮ್ಮ ಸದಸ್ಯತ್ವಕ್ಕೆ ರಾಜೀನಾಮೆಯಿತ್ತರು. ಪರಸ್ಪರ ಬೇರೆಬೇರೆ ದಾರಿ ಹಿಡಿದ ಇವರು ಈ ಒಂದು ವಿಷಯದಲ್ಲಿ ಏಕಾಭಿಪ್ರಾಯ ತಳೆದುದು ಗಮನಾರ್ಹ.

ಎರಡನೆಯದು ಬೀದಿಯ ವಿರೋಧ. ಫೆಬ್ರವರಿ 24ರಂದು ಸಾಬರಮತಿಯಲ್ಲಿ ಗಾಂಧೀಜಿ ಮತ್ತು ಅವರ ಸಂಗಡಿಗರು ಸತ್ಯಾಗ್ರಹದ ಪ್ರತಿಜ್ಞೆಗೆ ಸಹಿ ಮಾಡಿದರು. ಮದರಾಸಿನಲ್ಲಿ ರಾಜಗೋಪಾಲಾಚಾರಿಯವರ ಅತಿಥಿಯಾಗಿದ್ದಾಗ ದೇಶವ್ಯಾಪಿ ಹರತಾಳದ ಯೋಚನೆ ತಮಗೆ ಹೊಳೆಯಿತೆಂದು ಗಾಂಧೀಜಿ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಮಾರ್ಚ್ 30ಕ್ಕೆ ಗೊತ್ತಾಗಿದ್ದ ಹರತಾಳ ಏಪ್ರಿಲ್ 6ಕ್ಕೆ ಮುಂದೆ ಹೋಯಿತು; ದೆಹಲಿಯಲ್ಲಿ ಮಾತ್ರ ಹಿಂದಿನ ದಿನಾಂಕದಂದೇ ಆಚರಣೆಯಾಗಿ ಗೋಲೀಬಾರು ನಡೆಯಿತು. ಏಪ್ರಿಲ್ 10ರಂದು ಅಮೃತಸರದ ಡಾ. ಸೈಫುದ್ದೀನ್ ಕಿಚ್ಲು ಮತ್ತು ಡಾ. ಸತ್ಯಪಾಲರನ್ನು ಧರ್ಮಶಾಲೆಗೆ ಸಾಗಿಸಲಾಯಿತು. ಇದಕ್ಕೆ ಬಳಸಿದುದು ಹೊಸ ಕಾಯಿದೆಯನ್ನಲ್ಲ, ಯುದ್ಧಕಾಲದ ಭಾರತ ರಕ್ಷಣಾ ಕಾಯಿದೆಯನ್ನು. ಅದರ ಬೆನ್ನಿಗೇ ಏಪ್ರಿಲ್ 13ರ ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡ ಸಂಭವಿಸಿತು. ಸರ್ಕಾರಿ ಲೆಕ್ಕದಂತೆ ಸತ್ತವರೇ 379 ಮಂದಿ.

ಇಷ್ಟು ರಕ್ತಪಾತಕ್ಕೆ ನಿಮಿತ್ತವಾದ ರೌಲಟ್ ಕಾಯಿದೆ ಒಮ್ಮೆಯೂ ಪ್ರಯೋಗಕ್ಕೆ ಬರಲಿಲ್ಲ. ದಮನ ಕಾಯಿದೆಗಳನ್ನು ಪರಿಶೀಲಿಸಲು 1921ರಲ್ಲಿ ತೇಜ್ ಬಹಾದುರ್ ಸಪ್ರು ಅವರ ಅಧ್ಯಕ್ಷತೆಯಲ್ಲಿ ಕುಳಿತ ಸಮಿತಿಯ ಸಲಹೆಯಂತೆ ಅದು 1922ರಲ್ಲಿ ರದ್ದಾಯಿತು. ವಿರೋಧ ಗೆದ್ದಿತೆಂದು ಇಲ್ಲಿಗೆ ಚರಿತ್ರೆಯನ್ನು ನಿಲ್ಲಿಸುವಂತಿಲ್ಲ. 1818ರ ರೆಗ್ಯುಲೇಷನ್ ಉಳಿದುಕೊಂಡಿತು. 1924ರಲ್ಲಿ ಸುಭಾಷ್‌ಚಂದ್ರ ಬೋಸರನ್ನು ಬಂಧಿಸಿದುದು ಅದರ ಬಲದಿಂದಲೇ. 1930ರ ಮೇ ತಿಂಗಳಲ್ಲಿ ಉಪ್ಪಿನ ಸತ್ಯಾಗ್ರಹದ ನಡುವೆ ಗಾಂಧೀಜಿಯವರನ್ನು ಯರವಡಾ ಸೆರೆಮನೆಗೆ ಕಳುಹಿಸಲು ಮುಂಬಯಿಯ 1827ರ ರೆಗ್ಯುಲೇಷನನ್ನು ಬಳಸಲಾಯಿತು. ರದ್ದಾದುದು ಒಂದು ಕಾಯಿದೆ. ಅದರ ಹಿಂದಿನ ತತ್ತ್ವವಲ್ಲ.

ಈ ಅನುಭವದಿಂದಲೇ ಪೌರಹಕ್ಕುಗಳಿಗಾಗಿ ಸ್ಥಾಯಿಯಾದ ಒಂದು ಸಂಸ್ಥೆ ಬೇಕೆಂಬ ಭಾವನೆ ಬೆಳೆಯಿತು. ಜವಾಹರಲಾಲ್ ನೆಹರೂ ಅವರ ಪ್ರಯತ್ನದಿಂದ 1936ರಲ್ಲಿ ಮುಂಬಯಿಯಲ್ಲಿ ಭಾರತೀಯ ಪೌರಸ್ವಾತಂತ್ರ್ಯ ಸಂಘ ಸ್ಥಾಪಿತವಾಯಿತು. ರವೀಂದ್ರನಾಥ ಠಾಕೂರರು ಅದರ ಗೌರವಾಧ್ಯಕ್ಷರು, ಸರೋಜಿನಿ ನಾಯಿಡು ಕಾರ್ಯಾಧ್ಯಕ್ಷೆ.

4

ಸೆರೆಮನೆ ಕಂಡವರೇ ಅಧಿಕಾರಕ್ಕೆ ಬಂದಾಗ ಮುನ್ನೆಚ್ಚರಿಕೆಯ ಬಂಧನ ಕೊನೆಗೊಳ್ಳುವುದೆಂದು ನಿರೀಕ್ಷಿಸಿದ್ದರೆ ಆಶ್ಚರ್ಯವಿಲ್ಲ. ಆದದ್ದು ಹಾಗಲ್ಲ. ರಾಜ್ಯಾಂಗದ ಕರಡಿನಲ್ಲಿ ‘ನ್ಯಾಯಸಮ್ಮತ ಕ್ರಮ’ವೆಂಬ ಅರ್ಥದ ಅಮೆರಿಕದ ಪದಪುಂಜವನ್ನು ಬಿಟ್ಟು ‘ಕಾನೂನಿನಿಂದ ಸ್ಥಾಪಿತವಾದ ಕ್ರಮ’ವೆಂಬ ಮಾತನ್ನು ಇಡಲಾಯಿತು. ಈ ಬದಲಾವಣೆಗೆ ಮುಖ್ಯ ಪ್ರೇರಕರು ಮಂಗಳೂರಿನಲ್ಲಿ ಹುಟ್ಟಿದ ರಾಜ್ಯಾಂಗ ಸಲಹೆಗಾರ ಬೆನಗಲ್ ನರಸಿಂಗರಾಯರು. ಅಮೆರಿಕದಲ್ಲಿ ನ್ಯಾಯಾಧೀಶ ಫೆಲಿಕ್ಸ್ ಫ್ರಾಂಕ್‌ಫರ್ಟರರೊಡನೆ ನಡೆಸಿದ ಸಮಾಲೋಚನೆ ಅವರ ಅಭಿಪ್ರಾಯವನ್ನು ಬಲಪಡಿಸಿತ್ತು. ಇದರಿಂದ ಶಾಸಕಾಂಗ ಮಾಡಿದ ಯಾವ ಕಾನೂನಾದರೂ ಸಾಕೆಂದಾಯಿತು. ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಲೆಂದು ಡಾ. ಅಂಬೇಡ್ಕರರು 1949ರ ಸೆಪ್ಟೆಂಬರಿನಲ್ಲಿ ಮತ್ತೊಂದು ಅನುಚ್ಛೇದವನ್ನು ಮಂಡಿಸಿದರು. ಅದೇ ಇಂದಿನ 22ನೆಯ ಅನುಚ್ಛೇದ. ಬಂಧನದ ಕಾರಣವನ್ನು ತಿಳಿಸತಕ್ಕದ್ದು, ಮೂರು ತಿಂಗಳನ್ನು ಮೀರಿ ಸೆರೆಯಲ್ಲಿಡಬೇಕಾದರೆ ಸಲಹಾ ಮಂಡಲಿಯ ಅಭಿಪ್ರಾಯ ಪಡೆಯತಕ್ಕದ್ದು ಎಂಬವು ಅದರ ರಕ್ಷಣೆಗಳು. ಹಕ್ಕುಗಳ ಅಧ್ಯಾಯದಲ್ಲಿಯೇ ಇಂಥ ಬಂಧನಕ್ಕೆ ಎಡೆಕೊಟ್ಟುದನ್ನು ಲಾಹೋರ್ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ಬಕ್ಷಿ ಟೇಕ್ ಚಂದ್ ಮೊದಲಾದವರು ರಚನಾ ಸಭೆಯಲ್ಲಿಯೇ ಆಕ್ಷೇಪಿಸಿದರು.

ಗಣರಾಜ್ಯಕ್ಕೆ ಒಂದು ತಿಂಗಳು ತುಂಬುವ ವೇಳೆಗೆ, 1950ರ ಫೆಬ್ರವರಿಯಲ್ಲಿ, ಸರ್ದಾರ್ ಪಟೇಲರು ಮುನ್ನೆಚ್ಚರಿಕೆ ಬಂಧನದ ಮಸೂದೆಯನ್ನು ತಂದರು. ಒಂದು ವರ್ಷಕ್ಕೆಂದು ಮಾಡಿದ ಆ ಕಾಯಿದೆ ಮತ್ತೆ ಮತ್ತೆ ವಿಸ್ತರಣೆಗೊಂಡು 1969ರ ಕೊನೆಯವರೆಗೆ ಬಾಳಿತು. ಅದರ ಕೆಳಗೆ ಬಂಧಿತರಾದ ಕಮ್ಯೂನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರ ಅರ್ಜಿಯನ್ನು ಸುಪ್ರೀಂ ಕೋರ್ಟು 1950ರ ಮೇ ತಿಂಗಳಲ್ಲಿ ತೀರ್ಮಾನಿಸಿತು. ಬಹುಮತದ ನ್ಯಾಯಾಧೀಶರು ಕಾಯಿದೆಯನ್ನು ಎತ್ತಿಹಿಡಿದರೂ ಬಂಧನದ ಕಾರಣಗಳನ್ನು ನ್ಯಾಯಾಲಯಕ್ಕೂ ತಿಳಿಸಕೂಡದೆಂಬ 14ನೆಯ ವಿಧಿಯನ್ನು ತಳ್ಳಿಹಾಕಿದರು. ಕಾರಣವನ್ನು ನ್ಯಾಯಾಲಯದಿಂದ ಮುಚ್ಚಿಡಲಾಗದೆಂಬ ಈ ಅಲ್ಪ ಜಯವೇ ಮುಂದಿನ ಕಾಲು ಶತಮಾನದಲ್ಲಿ ಬಂಧಿತರಿಗೆ ಆಸರೆಯಾಯಿತು.

5

ಆ ಆಸರೆ 1975ರಲ್ಲಿ ಕಳಚಿತು. ಆಂತರಿಕ ಭದ್ರತಾ ನಿರ್ವಹಣಾ ಕಾಯಿದೆ, ಅಂದರೆ ‘ಮೀಸಾ’, 1971ರಲ್ಲಿಯೇ ಜಾರಿಗೆ ಬಂದಿತ್ತು. 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಣೆಯಾದ ಮೇಲೆ ಆ ಕಾಯಿದೆಗೆ 16ಎ ಎಂಬ ವಿಧಿ ಸೇರಿ, ಬಂಧಿತನಿಗೆ ಕಾರಣ ತಿಳಿಸುವ ಅಗತ್ಯವನ್ನೇ ತೆಗೆದುಹಾಕಿತು. ಈ ಹಂತದಲ್ಲಿ ನಮ್ಮ ನಾಡೂ ಈ ಚರಿತ್ರೆಯಲ್ಲಿ ಪ್ರವೇಶಿಸುತ್ತದೆ. ಸಂಸತ್ತಿನ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲಕೃಷ್ಣ ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇವರು ಇಲ್ಲಿಯೇ ಬಂಧಿತರಾಗಿ ಬೆಂಗಳೂರಿನ ಕೇಂದ್ರ ಕಾರಾಗೃಹ ಸೇರಿದರು. ಅವರ ಹೇಬಿಯಸ್ ಕಾರ್ಪಸ್ ಅರ್ಜಿಗಳು, ಎಂದರೆ ಬಂಧನದ ನ್ಯಾಯಬದ್ಧತೆಯನ್ನು ಪರೀಕ್ಷಿಸಬೇಕೆಂಬ ಅರ್ಜಿಗಳು, ಕರ್ನಾಟಕ ಹೈಕೋರ್ಟಿನ ಮುಂದೆ ಬಂದುವು. ಸರ್ಕಾರದ ಆಕ್ಷೇಪಣೆಯನ್ನು ಒಪ್ಪದೆ, ಇಂಥ ಅರ್ಜಿಗಳನ್ನು ವಿಚಾರಿಸಬಹುದೆಂದು ತೀರ್ಮಾನಿಸಿದ ಹೈಕೋರ್ಟುಗಳಲ್ಲಿ ಕರ್ನಾಟಕ ಹೈಕೋರ್ಟೂ ಒಂದು. ಹೆಸರಾದ ನಾಯಕರಿಗೆ ವಕೀಲರು ದೊರೆತರು; ಎಲ್ಲರ ಪಾಡೂ ಹಾಗಿರಲಿಲ್ಲ. ‘ಸಂಸ್ಕಾರ’ ಚಿತ್ರದಲ್ಲಿ ಅಭಿನಯಿಸಿದ್ದ ಸ್ನೇಹಲತಾ ರೆಡ್ಡಿಯವರು 1976ರ ಮೇ ತಿಂಗಳಲ್ಲಿ ಬಂಧಿತರಾಗಿ ಅದೇ ಸೆರೆಮನೆಯಲ್ಲಿ ಉಬ್ಬಸದಿಂದ ನರಳಿದರು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಹೈಕೋರ್ಟುಗಳ ತೀರ್ಮಾನಗಳ ಮೇಲೆ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಜಬಲ್ಪುರದ ಮೊಕದ್ದಮೆಯೆಂದು ಪ್ರಸಿದ್ಧವಾದ ಆ ವಿಚಾರಣೆಯಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು, ವೈಯಕ್ತಿಕ ದ್ವೇಷದಿಂದ ಪೊಲೀಸನೊಬ್ಬ ಒಬ್ಬನ ಪ್ರಾಣವನ್ನೇ ತೆಗೆದರೂ ಪರಿಹಾರವಿಲ್ಲವೆ ಎಂದು ಕೇಳಿದರು. ತುರ್ತುಪರಿಸ್ಥಿತಿ ಇರುವತನಕ ಇಲ್ಲವೆಂಬ ಅರ್ಥದ ಉತ್ತರವನ್ನು ಅಟಾರ್ನಿ ಜನರಲ್ ನಿರೇನ್ ಡೇ ಕೊಟ್ಟರು. 1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಾಧೀಶರು ಸರ್ಕಾರದ ಪಕ್ಷವನ್ನು ಒಪ್ಪಿದರು. ಖನ್ನಾ ಒಬ್ಬರೇ ಭಿನ್ನಮತ ದಾಖಲಿಸಿದರು. ಮುಂದಿನ ಜನವರಿಯಲ್ಲಿ ಅವರನ್ನು ಬಿಟ್ಟು ಕಿರಿಯರೊಬ್ಬರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಲಾಯಿತು; ಖನ್ನಾ ರಾಜೀನಾಮೆಯಿತ್ತರು. ಆ ಭಿನ್ನಮತವೇ ಕಾಲಾಂತರದಲ್ಲಿ ಕಾನೂನಾಯಿತು: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರಲ್ಲಿ ಜಬಲ್ಪುರದ ತೀರ್ಪನ್ನು ಸ್ಪಷ್ಟವಾಗಿ ತಳ್ಳಿಹಾಕಿತು.

6

ಮೀಸಾ 1978ರಲ್ಲಿ ರದ್ದಾಯಿತು. ಅದೇ ವರ್ಷದ 44ನೆಯ ತಿದ್ದುಪಡಿಯು ತುರ್ತುಪರಿಸ್ಥಿತಿಯಲ್ಲಿಯೂ ಜೀವ ಮತ್ತು ವ್ಯಕ್ತಿಸ್ವಾತಂತ್ರ್ಯದ ಹಕ್ಕನ್ನು ಅಮಾನತಿನಲ್ಲಿಡಲಾಗದೆಂದು ವಿಧಿಸಿತು. ಇದು ಹಿಂದೆ ಹೇಳಿದ ಎಲ್ಲ ವಿರೋಧಗಳ ಗಟ್ಟಿಯಾದ ಫಲ. ಆದರೆ ಅದೇ ತಿದ್ದುಪಡಿಯ ಇನ್ನೊಂದು ವಿಧಿಯ ಕಥೆ ಬೇರೆ. ಮೂರು ತಿಂಗಳ ಅವಧಿಯನ್ನು ಎರಡಕ್ಕೆ ಇಳಿಸಿ, ಸಲಹಾ ಮಂಡಲಿಯನ್ನು ಹೈಕೋರ್ಟಿನ ಮುಖ್ಯ ನ್ಯಾಯಾಧೀಶರ ಶಿಫಾರಸಿನಂತೆ ನ್ಯಾಯಾಧೀಶರಿಂದಲೇ ರಚಿಸಬೇಕೆಂದು ಹೇಳಿದ ಆ ವಿಧಿ ಜಾರಿಗೆ ಬರಲು ಸರ್ಕಾರದ ಅಧಿಸೂಚನೆ ಬೇಕಿತ್ತು. ಆ ಅಧಿಸೂಚನೆ ಇಂದಿಗೂ ಹೊರಟಿಲ್ಲ. ಹಲವು ಪಕ್ಷಗಳ ಸರ್ಕಾರಗಳು ಬಂದು ಹೋದುವು. ಅವುಗಳಲ್ಲಿ ಸ್ವತಃ ಮೀಸಾ ಬಂಧಿತರಾಗಿದ್ದವರೂ ಇದ್ದರು. ಸರ್ಕಾರವನ್ನು ಬಲಾತ್ಕರಿಸಲು ತನಗೆ ಅಧಿಕಾರವಿಲ್ಲವೆಂದು ಸುಪ್ರೀಂ ಕೋರ್ಟು ಎ. ಕೆ. ರಾಯ್ ಅವರ ಮೊಕದ್ದಮೆಯಲ್ಲಿ ಹೇಳಿತು.

1980ರ ರಾಷ್ಟ್ರೀಯ ಭದ್ರತಾ ಕಾಯಿದೆ ಈಗಲೂ ಜಾರಿಯಲ್ಲಿದೆ. ಅದರ ಕೆಳಗೆ ಒಬ್ಬನನ್ನು ಹನ್ನೆರಡು ತಿಂಗಳವರೆಗೆ ಸೆರೆಯಲ್ಲಿಡಬಹುದು. ಸಲಹಾ ಮಂಡಲಿಯ ಕಲಾಪ ಗೋಪ್ಯ. ಅದರ ಮುಂದೆ ವಕೀಲನ ಮೂಲಕ ಹಾಜರಾಗುವ ಹಕ್ಕು ಬಂಧಿತನಿಗಿಲ್ಲ. 1919ರ ಮಂಡಲಿಯ ವರ್ಣನೆಯನ್ನು ಇದರೊಡನೆ ಹೋಲಿಸಿ ನೋಡಬೇಕು. ಭೇದಗಳಿಲ್ಲವೆಂದಲ್ಲ: ಇಂದು ಕಾರಣವನ್ನು ತಿಳಿಸಲೇಬೇಕು, ಬಂಧನ ಅನಗತ್ಯವೆಂಬ ಮಂಡಲಿಯ ಅಭಿಪ್ರಾಯಕ್ಕೆ ಸರ್ಕಾರ ಕಟ್ಟುಬೀಳಬೇಕು, ಹೈಕೋರ್ಟುಗಳ ಬಾಗಿಲು ತೆರೆದಿದೆ. ಇವು ಸಣ್ಣ ಭೇದಗಳಲ್ಲ. ಆದರೂ ‘ನ ವಕೀಲ್’ ಎಂಬ ಮಾತು ಹಳತಾಗಿಲ್ಲ.

ಒಟ್ಟಿನಲ್ಲಿ ನೋಡಿದರೆ, ಒಂದು ನಿರ್ದಿಷ್ಟ ಕಾಯಿದೆಯ ಹೆಸರನ್ನು ಗುರಿಯಾಗಿಟ್ಟ ವಿರೋಧ ಆ ಕಾಯಿದೆಯನ್ನು ತೆಗೆಯಿಸಿತು. ಆದರೆ ಅದರ ಸ್ಥಾನಕ್ಕೆ ಮತ್ತೊಂದು ಬಂದಿತು. ಕಾರಣವನ್ನು ತಿಳಿಸುವ, ಅದನ್ನು ಪರೀಕ್ಷಿಸುವ, ಅದಕ್ಕೆ ಉತ್ತರ ಹೇಳುವ ಹಕ್ಕುಗಳನ್ನು ಗುರಿಯಾಗಿಟ್ಟ ವಿರೋಧ ನಿಧಾನವಾಗಿ ನಡೆದರೂ ಗಳಿಸಿದುದನ್ನು ಬಹುಮಟ್ಟಿಗೆ ಉಳಿಸಿಕೊಂಡಿತು. ರಾಜ್ಯಕ್ಕೆ ಭದ್ರತೆ ಬೇಕೆಂಬುದನ್ನು ಶ್ರೀನಿವಾಸ ಶಾಸ್ತ್ರಿಗಳಾಗಲಿ ಖನ್ನಾ ಅವರಾಗಲಿ ಅಲ್ಲಗಳೆದವರಲ್ಲ. ಭದ್ರತೆಯ ಹೆಸರಿನಲ್ಲಿ ತಳೆದ ನಿರ್ಧಾರಕ್ಕೂ ಲೆಕ್ಕ ಒಪ್ಪಿಸುವ ಒಂದು ಸ್ಥಳವಿರಬೇಕೆಂಬುದಷ್ಟೇ ಅವರ ಆಗ್ರಹ. ಅಧಿಸೂಚನೆಗಾಗಿ ಕಾದಿರುವ 1978ರ ಆ ವಿಧಿ ಈ ಆಗ್ರಹದ ಬಾಕಿ ಉಳಿದ ಭಾಗವೆಂದು ಭಾವಿಸಬಹುದು.